ಮಿನಿಟಿಗೊಂದು ಕೊಡ

ಮಷಿನ್ ಆಮ್ಯಾಲ ನೋಡು ಯಮನೂರ,
ಮೊದಲ ಹೊಲಸು ನೋಡು.
ಸುಮ್ಮನ ಕುಂತೈತೋ, ಅಂಟೈತೋ, ಬೇರು ಬಿಟ್ಟೈತೋ,
ಉಗರಾಗ ಕೆರದು ಮೂಗಿಗೆ ಹಿಡಿ.
ಅಷ್ಟಾದ ಮ್ಯಾಲ ಅಂಗಡಿ ಮೆಟ್ಲ ಹತ್ತು.

ಶಿರೋಡ್ಕರನ ಅಂಗಡ್ಯಾಗ ಎಲ್ಲಾ ಹಳದಿ, ಎಲ್ಲಾ ಹೊಳಪು,
ಗಾಲಿ ಹಚ್ಚಿದ ಮದುಮಕ್ಕಳಂಗ ಸಾಲಾಗಿ ನಿಂತಾವು.
ಅವನ ಬಾಯಾಗ ಬರೇ ಬಾರು:
ನೂರಿಪ್ಪತ್ತು, ನೂರೈವತ್ತು, ಇನ್ನೂರೈವತ್ತು,
ಸಂತ್ಯಾಗ ದಲ್ಲಾಳಿ ಎತ್ತಿನ ಹಲ್ಲು ತೋರಿಸಿದಂಗ.

ದಾಬೋಳಿಗೆ ಹೋಗಿಬಂದ ಟ್ಯಾಕ್ಸಿಗೆ ನೂರಿಪ್ಪತ್ತು ಸಾಕು.
ಬಂದರದ ಕಲ್ಲಿದ್ದಲ ಧೂಳಿಗೂ ಅಷ್ಟ ಸಾಕು,
ಅದು ಬೀಗರಂಗ, ದಿನಾ ಬರ್ತೈತಿ, ಕುಂದ್ರತೈತಿ,
ಅದರ ಮ್ಯಾಲ ಸಿಟ್ಟು ಮಾಡಿ ಏನು ಬಂತು?
ಜೆಟ್ಟಿ ಮ್ಯಾಲ ಟ್ರಾಲರಿನ ಹೊಟ್ಟಿಗೆ ಹಿಡದ ಚಿಪ್ಪು
ಬ್ಯಾರೆ ಮಾತು.
ಅದಕ್ಕ ಇನ್ನೂರೈವತ್ತು, ಪೆಟ್ರೋಲಿಂದು,
ಎರಡೂ ಕೈ, ಮತ್ತ ಎಲ್ಲೆರ ಆನಿಸಿದ ಬೆನ್ನು.
ಹೋಟೆಲ್ ಚಿಮಣಿ ಜಿಡ್ಡು ತಣ್ಣೀರಿಗೆ ನಗತೈತಿ,
ಬಿಸಿನೀರಿನ ಮಷಿನ್ ಬೇಕು, ನಮ್ಮ ಹತ್ರ ಇಲ್ಲ.
ಇಲ್ಲ ಅಂತ ಹೇಳು. ಹ್ಞೂಂ ಅಂದು ಮರ್ಯಾದಿ ಕಳಕೋಬ್ಯಾಡ.

ತುದಿ ಐದು.
ಬಿಳೀದು ಅಗಲ, ಹಸರು ನಡುವಿಂದು, ಹಳದಿ ಚುರುಕು,
ಕರೇದು ಸೋಪಿಗೆ.
ಕೆಂಪು ನನ್ನ ಸೆರಗಿನ ಗಂಟಿನಾಗೈತಿ.
ಕೇಳಬ್ಯಾಡ.

ಭರಮಪ್ಪ ಕೇಳಿದ್ದ.
ಹಚಗೊಂಡು ಚಪ್ಪಲಿ ಕೆಸರು ತೊಳಕೊಂಡ,
ಕಾಲಾಗಿನ ಚಪ್ಪಲಿ.
ರಕ್ತ ಬರಲಿಲ್ಲ, ಸೂಜಿ ಚುಚ್ಚಿದಷ್ಟ ತೂತು.
ನಕ್ಕ. ಚಹಾ ಕುಡದ.
ರಾತ್ರಿ ಕಾಲು ಕುಂಬಳಕಾಯಿ.
ಬಾಂಬೋಳಿ ದವಾಖಾನ್ಯಾಗ ಏನು ಹೊಕ್ಕೈತಿ ಒಳಗ, ಅಂತ ಕೇಳಿದ್ರು.
ನೀರ್ರೀ, ಅಂದ್ನಿ.
ಇನ್ನೊಮ್ಮೆ ಕೇಳಿದ್ರು.
ನೀರು.
ಎರಡು ಬೆರಳು ಅಲ್ಲೇ ಬಿಟ್ಟು ಬಂದ,
ಈಗ ಗದಗ ಬಸ್‌ಸ್ಟ್ಯಾಂಡಿನಾಗ ಕುಂತ ಕಡ್ಲಿ ಮಾರ್ತಾನ.

ಕ್ಲೋಟಿಲ್ಡಾ ಬಾಯಿ ಗೋಡಿ ಮಾತ್ರ ನನ್ನ ತಪ್ಪು.
ಚಿಕಾಲಿ ದಾರ್ಯಾಗ, ಚಿಪ್ಪು ಸುಟ್ಟ ಸುಣ್ಣದ ಗೋಡಿ,
ಒಳಗ ಜಂಬಿಟ್ಟಿಗಿ ಕಲ್ಲು.
ಮಳಿಗಾಲ ಮುಗದು ಪಾಚಿ ಕರ್ರಗ ಕುಂತಿತ್ತು.
ಹಳದಿ ತುದಿ ಹಚ್ಚಿ ಒತ್ತಿದ್ನಿ.
ಪಾಚಿ ಹೋತು, ಸುಣ್ಣ ಹೋತು,
ಕಲ್ಲು ಬೆಲ್ಲದಂಗ ಕರಗಿ ಅಂಗಳಕ್ಕ ಹರೀತು,
ಕೆಂಪಗ.
ಮುದುಕಿ ಬೈಲಿಲ್ಲ. ಆ ತಗ್ಗಿಗೆ ಅಂಗೈ ಇಟ್ಲು,
ಕೂಸಿನ ಹಣಿ ಮುಟ್ಟಿ ಜ್ವರ ನೋಡಿದಂಗ.
ಕೂಲಿ ಪೂರಾ ಕೊಟ್ಲು. ಮ್ಯಾಲ ಎರಡು ಪಾವು.
ಆ ಪಾವು ನನಗ ನುಂಗಾಕ ಆಗಲಿಲ್ಲ ತಮ್ಮಾ.
ಅಂಥಾ ಗೋಡಿಗೆ ಈಗ ತೆಂಗಿನ ನಾರು, ಒಂದು ಬಕೀಟು,
ಎರಡು ದಿನದ ಮೊಣಕಾಲು ನೋವು ಒಯ್ತೀನಿ.

ಇವತ್ತು ಶಿರೋಡ್ಕರ ಎರಡು ಮಷಿನ್ ಮುಂದ ಇಟ್ಟ.
ಬಾರು ಎರಡಕ್ಕೂ ಒಂದ.
ದೊಡ್ಡದು ಮಿನಿಟಿಗೆ ಹದಿನೈದು ಲೀಟರ್, ಸಣ್ಣದು ಅದರ ಅರ್ಧ.
ನೀರು ಹೆಚ್ಚಾದ್ರ ಕೆಲಸ ಲಗೂ ಬಾಯಿ, ಅಂದ.
ಖರೇನ.
ನನಗ ಲೀಟರಿನ ಲೆಕ್ಕ ಬರೂದಿಲ್ಲ,
ನಿಂತಲ್ಲೇ ಕೊಡಕ್ಕ ತಂದ್ನಿ:
ಮಿನಿಟಿಗೊಂದು ಕೊಡ.

ಬೈನಾದಾಗ ನಮ್ಮ ಓಣಿಗೆ ಎರಡು ದಿನಕ್ಕೊಮ್ಮೆ ಟ್ಯಾಂಕರು,
ಜಗಳಾಡಿ ತಂದ್ರ ಮನಿಗೆ ಎಂಟು ಕೊಡ.
ಎಂಟು ಮಿನಿಟು.
ಒಂದು ಕಾರಿನ ಬೆನ್ನು ಬೆಳ್ಳಗಾಗೂದ್ರಾಗ
ನನ್ನ ಮನ್ಯಾಗ ಬ್ಯಾಳಿ ಇಲ್ಲ, ಸ್ನಾನ ಇಲ್ಲ,
ಮಗಳ ತಲಿ ತೊಳಿಯೂದಿಲ್ಲ.

ಸಣ್ಣದು ಕೊಡ್ರಿ, ಅಂದ್ನಿ.
ಯಾಕ, ಅಂದ.
ಹಗರ ಐತಿ, ಎತ್ತಾಕ ಬರ್ತೈತಿ.
ಅವನಿಗೆ ಅಷ್ಟ ಸಾಕಾತು, ಪಾವತಿ ಬರದ.

ಹಿಡಿ. ಪೈಪಿನ ಗಂಟು ಬಿಚ್ಚು.
ಬಿಳೇ ತುದಿ ಹಾಕು, ದೂರ ನಿಂತು ಶುರು ಮಾಡು,
ಹೊಲಸು ಕೇಳಿದ್ರ ಒಂದು ಹೆಜ್ಜಿ ಮುಂದ ಹೋಗು.
ತಡಿ.
ಮೊದಲ ಆ ಕಾಲು ಹಿಂದ ತಗಿ.