ಹಿಂಬಾಕಿ

ಅಲಬಾಮಾ, ಮೊಬೀಲಿನ ಕಾಗದದ ಗಿರಣಿ.
ಬಡ್ತಿಯ ಅರ್ಜಿಗಳ ಮೇಲೆ ಪೆನ್ಸಿಲಿನ ಚುಕ್ಕೆ,
ಕರಿಯರ ಹೆಸರಿನ ಪಕ್ಕ ಮಾತ್ರ.
"ನೊಣದ ಹಿಕ್ಕೆ ಇರಬೇಕು, ಮೇಡಂ," ಅಂದ ಮ್ಯಾನೇಜರು.
ಎಣಿಸಿದೆ. ನಾನೂರ ಹನ್ನೆರಡು.
ಓದು ಬಲ್ಲ ನೊಣ ಅಂತ
ವರದಿಯಲ್ಲಿ ಬರೆಯುವಂತಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷದ ನೌಕರಿ.
ಗೆದ್ದ ಮೊಕದ್ದಮೆಗಳು ಮರೆತಿವೆ,
ಥೀಯಸ್ ಪೆಟ್‌ವೇ ಮರೆತಿಲ್ಲ:
ಕ್ರೇನು ನಡೆಸುತ್ತೇನೆಂದು ಕೇಳಿ ಕೇಳಿ
ಪೊರಕೆ ಹಿಡಿದೇ ಮುದುಕನಾದವನು.
ಹಿಂಬಾಕಿಯ ಚೆಕ್ಕು ಬರುವಾಗ ಅವನಿರಲಿಲ್ಲ.

ಹೆಂಡತಿ ಆರ್ಡೀಲಿಯಾ
ಹಿಟ್ಟಿನ ಕೈ ಒರೆಸಿಕೊಂಡು
ಚೆಕ್ಕನ್ನು ಬೆಳಕಿಗೆ ಹಿಡಿದಳು.
"ಸರಿ. ಆ ಕ್ರೇನು ಎಷ್ಟೆತ್ತರ ಇತ್ತು?"

ಕಡತದಲ್ಲಿ ಅದಿರಲಿಲ್ಲ.
ಮರುದಿನ ಗಿರಣಿಗೆ ಹೋಗಿ
ಮೆಟ್ಟಿಲು ಎಣಿಸುತ್ತ ಹತ್ತಿದೆ.
ಅರವತ್ತಮೂರು.
ಮೇಲಿಂದ
ಅವಳ ಮನೆಯ ತಗಡು ಕಾಣುತ್ತಿತ್ತು.