ಮಾಹಿತಿದಾರ ಸಂಖ್ಯೆ ಏಳು

ಗುಡ್ಡದ ರಂಗವ್ವನಹಳ್ಳಿಯ ಪಿ.ಜಿ. ಸೆಂಟರಿನಲ್ಲಿ
ಮೇಡಂ ಪ್ರಶ್ನಾವಳಿ ಹಂಚಿದರು:
ನಲವತ್ತೆರಡು ಪ್ರಶ್ನೆ, ಎರಡೂ ಬದಿ ಜೆರಾಕ್ಸು.
‘ನಿಂದೇ ಹಟ್ಟಿ ಇದೆಯಲ್ಲ, ನಿನಗೆ ಸುಲಭ.’

ಚಳ್ಳಕೆರೆ ದಾಟಿ ಬಸ್ಸಿಳಿದು ನಡೆದೆ.
ರೊಪ್ಪದ ಬಾಯಲ್ಲಿ ದೊಡ್ಡಪ್ಪ ಪಾಲಯ್ಯ,
ದೇವರೆತ್ತುಗಳ ಕಿಲಾರಿ.
ಚಪ್ಪಲಿ ಹೊರಗೆ ಬಿಟ್ಟೆ. ಪೆನ್ನು ಬಿಡಲಿಲ್ಲ.

ಹೆಸರು?
‘ನಿಂಗೆ ಗೊತ್ತಿಲ್ವೇನೆ?’
ವಯಸ್ಸು?
‘ಆ ಕೆಂದೆತ್ತಿನ ಅಜ್ಜಿ ಕರುವಾಗಿದ್ದಾಗ ನಾನೂ ಹುಡುಗ.’
ವೃತ್ತಿ? ಬೇಸಾಯ, ಕೂಲಿ, ನೌಕರಿ, ಇತರೆ.
ಇತರೆಗೆ ಗುರುತು ಹಾಕಿದೆ,
ಕೈ ಯಾಕೋ ಅಲ್ಲೇ ನಿಂತಿತು.

ನೀವು ಕೋಳಿ ತಿನ್ನದಿರಲು ಕಾರಣ?
‘ನೀವು’ ಎಂದದ್ದು ನಾನೇ,
ಹಾಸ್ಟೆಲಿನ ಭಾನುವಾರಗಳನ್ನು ಉಂಡ ನಾಲಗೆಯಲ್ಲಿ.

ಅವನು ನನ್ನ ಮುಖವನ್ನೇ ನೋಡಿದ.
ಆಮೇಲೆ ಎತ್ತುಗಳ ಹೆಸರು ಹೇಳತೊಡಗಿದ,
ಒಂದೊಂದರ ತಾಯಿ, ತಾಯಿಯ ತಾಯಿ,
ಯಾವ ಹುಲ್ಲುಗಾವಲಲ್ಲಿ ಯಾವುದು ಈದದ್ದು.
ಕತ್ತಲಾಯಿತು.
ಅವಕ್ಕೆ ಕಾಲಂ ಇರಲಿಲ್ಲ,
ಹಾಳೆಗೆ ಖಾಲಿ ಬೆನ್ನೂ ಇರಲಿಲ್ಲ.
ಅಂಗೈ ಮೇಲೆ ಬರೆದೆ, ಮೊಣಕೈವರೆಗೂ ಬರೆದೆ.

ಬ್ಯಾಟರಿ ಬಿಟ್ಟು ನೋಡಿ ದೊಡ್ಡಪ್ಪ ಕೇಳಿದ:
‘ಇಷ್ಟೊಂದು ಹೊಡ್ಕಂಡು ಹೋಗ್ತೀಯ,
ಅಲ್ಲಿ ಇವನ್ನ ಮೇಯ್ಸೋರು ಯಾರವ್ವ?’