ಎಪ್ಪತ್ತೊಂದನೇ ಡಬ್ಬ

ಕರಾರುಪತ್ರ ಮಲಯಾಳದಲ್ಲಿ ಉಂಟು.
ಬ್ರೋಕರ್ ಹಸೈನಾರ್ ಬೆರಳಿಟ್ಟು ಓದುತ್ತಾನೆ,
ಕನ್ನಡ ಶಾಲೆಯವಳು ನಾನು
ಅಂಕಿ ಬಂದಲ್ಲಿ ಮಾತ್ರ ತಲೆಯಾಡಿಸುತ್ತೇನೆ.
ಹದಿನೆಂಟು ಸೆಂಟ್ಸು ಜಾಗ, ಒಂದು ಕೊಳವೆಬಾವಿ,
ಒಂದು ಕಂಪ್ರೆಸರು, ನೂರಿಪ್ಪತ್ತು ಡಬ್ಬ,
ಇತರೆ ಹಳೆ ಕಬ್ಬಿಣ.
ಇತರೆಯಲ್ಲಿ ಏನೇನು ಬಂತೆಂದು ನಾನು ಕೇಳಲಿಲ್ಲ.

ಮಾವ ದೂಮಪ್ಪ ಸಾಲ್ಯಾನರಿಗೆ ತಮಾಷೆ ಜಾಸ್ತಿ.
ಮಂಜೇಶ್ವರದಲ್ಲೇ ಯಾಕೆ ಐಸ್ ಫ್ಯಾಕ್ಟರಿ ಎಂದರೆ
ಊರ ಹೆಸರಲ್ಲೇ ಮಂಜು ಉಂಟಲ್ಲ,
ಬೋರ್ಡಿನ ಖರ್ಚು ಉಳಿಯಿತು, ಅನ್ನುತ್ತಿದ್ದರು.
ಅಳಿಯಕಟ್ಟಿನ ಮನೆ. ಅಕ್ಕನ ಮಗಳೆಂದು ನನ್ನ ಕೈಗೆ ಬಂತು
ಬೀಗದ ಗೊಂಚಲು, ಅಮೋನಿಯದ ಕೆಮ್ಮು, ಕರೆಂಟಿನ ಬಾಕಿ.
ಆಗ ಇಪ್ಪತ್ತೇಳು. ಈಗ ನಲವತ್ತೊಂಬತ್ತು.
ಈಚೆಗೆ ಹೊತ್ತಿಲ್ಲದ ಹೊತ್ತಿನಲ್ಲಿ ಮೈಯೊಳಗೆ ಬೆಂಕಿ ಏಳುತ್ತದೆ,
ನಡುರಾತ್ರಿ ಬೆವರಿ ಎದ್ದು ಬಂದು
ತೊಟ್ಟಿಯ ಹಲಗೆಗೆ ಕೆನ್ನೆ ಇಟ್ಟು ಮಲಗಿದ್ದುಂಟು.
ಇದಕ್ಕೆ ಹಸೈನಾರ್ ಎಷ್ಟು ಬೆಲೆ ಹಾಕುತ್ತಾನೆ?

ಜಲಜ ಬೊಂಬಾಯಿಯಿಂದ ಫೋನು ಮಾಡುತ್ತಾಳೆ:
ಮಾರಿಬಿಡು ಅಕ್ಕ, ಗಡ್ಡೆ ಯಾರಿಗೆ ಬೇಕು ಇನ್ನು?
ಅವಳು ಹೇಳುವುದು ಸುಳ್ಳಲ್ಲ.
ಬಂದರಿನಲ್ಲಿ ಪಯ್ಯನ್ನೂರಿನವರ ಹೊಸ ಯಂತ್ರ
ಬೆರಳುದ್ದದ ಕೊಳವೆಗಳಾಗಿ ಐಸ್ ಉದುರಿಸುತ್ತದೆ,
ಗುದ್ದುವ ಕೆಲಸವೇ ಇಲ್ಲ.
ನಮ್ಮದು ಐವತ್ತು ಕಿಲೋ. ಕೊಕ್ಕೆ ಹಾಕಿ ಎಳೆಯಬೇಕು,
ಎಳೆದೆಳೆದು ಚನಿಯಣ್ಣನ ಒಂದು ಹೆಗಲು
ಇನ್ನೊಂದಕ್ಕಿಂತ ಎರಡು ಬೆರಳು ಕೆಳಗೆ.

ಒಂದೇ ಒಂದು ಷರತ್ತು ಕೇಳಿದೆ.
ಸಾವಿನ ಮನೆಯವರು ಬಂದರೆ ದುಡ್ಡು ತೆಗೆದುಕೊಳ್ಳಬಾರದು.
ಮಸ್ಕತ್ತಿನ ಮಗ ಬಂದು ಮುಖ ನೋಡುವವರೆಗೆ
ಎಷ್ಟು ತಾಯಂದಿರು ನಮ್ಮ ಗಡ್ಡೆಗಳ ನಡುವೆ ಕಾದಿದ್ದಾರೆ!
ಲೆಕ್ಕದ ಪುಸ್ತಕದಲ್ಲಿ ಅವರಿಗೆ ಹೆಸರಿಲ್ಲ,
ಅಂಚಿನಲ್ಲಿ ಒಂದೊಂದು ಚುಕ್ಕೆ, ಅಷ್ಟೆ.
ಹಸೈನಾರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದ.
ಈಗ ಎಲ್ಲ ಕ್ಲಬ್ಬಿನಲ್ಲೂ ಫ್ರೀಜರ್ ಪೆಟ್ಟಿಗೆ ಉಂಟಲ್ಲ ಅಕ್ಕಾ,
ಯಾರೂ ಬರಲಿಕ್ಕಿಲ್ಲ.
ಅದು ಹೌದು. ಚುಕ್ಕೆ ಬೀಳದೆ ಮೂರು ವರ್ಷ.
ಕೊನೆಯದು ಮಾವನದ್ದೇ.

ಟ್ರಾಲಿಂಗ್ ನಿಷೇಧದ ಐದನೇ ದಿನ.
ಬೋಟುಗಳು ಹಗ್ಗದಲ್ಲಿ, ಯಂತ್ರ ಮೌನದಲ್ಲಿ.
ಆ ಸದ್ದಿಲ್ಲದೆ ಕೇರಿಗೇ ನಿದ್ದೆ ಇಲ್ಲ,
ಎಂತ ಆಯ್ತು, ಕೊಟ್ಟಿರಾ?
ಎಂದು ಬೇಲಿಯ ಆಚೆಯಿಂದ ಕೇಳುತ್ತಾರೆ.
ತೊಟ್ಟಿ ತೊಳೆಯಲು ಹಲಗೆ ಎತ್ತಿದ ಚನಿಯಣ್ಣ ಕೂಗಿದ:
ಎಪ್ಪತ್ತೊಂದರಲ್ಲಿ ಒಂದು ಮರೆತುಹೋಗಿದೆ!

ಎಳೆದು ತಂದು ಅಂಗಳದ ಮಾಡಿನಡಿ ಹಾಕಿದೆವು.
ಬದಿಯೆಲ್ಲ ಗಾಜು. ಆಚೆ ನಿಂತ ಚನಿಯಣ್ಣನ
ಲುಂಗಿಯ ಚೌಕಗಳನ್ನು ಎಣಿಸಬಹುದು.
ನಡುವೆ ಮಾತ್ರ ಬಿಳಿ, ಮೀನಿನ ಮುಳ್ಳಿನ ಹಾಗೆ.
ಹೊರಗಿನಿಂದ ಗಟ್ಟಿಯಾಗುತ್ತಾ ಬರುವ ನೀರು
ಒಳಗಿನ ಉಸಿರನ್ನೆಲ್ಲ ಅಲ್ಲಿಗೆ ಒತ್ತುತ್ತದೆ.
ನಡು ಕಟ್ಟುವುದು ಎಲ್ಲಕ್ಕಿಂತ ಕೊನೆಗೆ.
ಕರಗುವುದೂ.

ಪಕ್ಕದ ಮನೆಯ ಹುಡುಗ ಒಂದು ಚೂರು ಬಾಯಿಗೆ ಹಾಕಿ
ಥೂ, ಉಪ್ಪು! ಎಂದು ಉಗಿದ.
ಡಬ್ಬ ತಿರುಗಿಸಿ ನೋಡಿದರೆ ಅಂಚಿನಲ್ಲಿ ಸೂಜಿಯ ತೂತು.
ಬೆಸುಗೆಯವನನ್ನು ಕರೆಯಲೋ? ಎಂದ ಚನಿಯಣ್ಣ.
ಎಲ್ಲರೂ ಕೇಳಿದ ಪ್ರಶ್ನೆ ಅದೇ,
ಅವನು ಮಾತ್ರ ಸರಿಯಾಗಿ ಕೇಳಿದ.

ಸಂಜೆ ಫೋನು. ನಾಳೆ ಹತ್ತಕ್ಕೆ ಬರುತ್ತಾರಂತೆ,
ಎಂತ ಹೇಳಲಿ ಅಕ್ಕಾ?
ನೀರು ಗೇಟಿನವರೆಗೆ ಹರಿದಿತ್ತು.
ಇನ್ನೂ ಒಂದು ಮೊಳ ಬಿಳಿ ಉಂಟು, ಅಂದೆ.
ಅವನಿಗೆ ಅರ್ಥವಾಗಲಿಲ್ಲ.

ಚನಿಯಣ್ಣ ಡಬ್ಬ ಹಿಡಿದು ಅಲ್ಲೇ ನಿಂತಿದ್ದ.
ಆ ಯಂತ್ರದ ಪಕ್ಕ ದುಡಿದು ಅವನ ಕಿವಿ ಹೋಗಿ ಬಹಳ ಕಾಲ,
ಹೂಂ ಎನ್ನಲಿ, ಬೇಡ ಎನ್ನಲಿ, ಕೈಯಲ್ಲೇ ಹೇಳಬೇಕು.
ಗಡ್ಡೆಯ ಮೇಲಿಂದ ಕೈ ತೆಗೆದೆ.
ಬೆರಳು ಮರಗಟ್ಟಿದ್ದವು.